ಒಣಗಿಸಿಟ್ಟ ದೋಣಿ

ಕಲ್ಯಾಣದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. ಹಿಂದೂಪುರದ ಬಟ್ಟೆ ವ್ಯಾಪಾರಿ ರುದ್ರಪ್ಪನವರು ಮೋಜಿಗೆಂದು ಇಟ್ಟುಕೊಂಡ ದೋಣಿಯಲ್ಲಿ ನನ್ನನ್ನು ಕೆರೆ ಸುತ್ತಿಸಲು ಹೊರಟರು. ಬೇಸಿಗೆಯಲ್ಲಿ ಬಿರಿದ ಹಲಗೆಗಳು ನೆನೆದು ಉಬ್ಬಿ ಕೂಡಿಕೊಳ್ಳಲೆಂದು, ಪ್ರತಿ ವರ್ಷದಂತೆ ಅದನ್ನು ಕಲ್ಲು ಹೇರಿ ದಡದ ನೀರಿನಲ್ಲಿ ಮುಳುಗಿಸಿಟ್ಟಿದ್ದರಂತೆ. ಈಗ ದಡದ ಮೇಲಿತ್ತು. ಬೆಳಿಗ್ಗೆ ಆಳು ಎತ್ತಿರಬೇಕೆಂದುಕೊಂಡರು.

ಕೆರೆಯ ನಡುವೆ ಹಲಗೆಗಳ ಸಂದಿಯಿಂದ ನೀರು ನುಗ್ಗಿತು. ನನಗೆ ಈಜು ಬಾರದು. ಡಬ್ಬದಲ್ಲಿ ಮೊಗೆದು ಚೆಲ್ಲುತ್ತಲೇ ಇದ್ದೆ. ನೀರು ಪಾದ ದಾಟಿ ಮೀನಖಂಡಕ್ಕೆ ಬಂತು.

ದಡದಿಂದ ರೈತನೊಬ್ಬ ಹೆಮ್ಮೆಯಿಂದ ಕೂಗಿದ: "ಸಾವ್ಕಾರ್ರೇ, ನಿಮ್ ದೋಣಿ ಮುಳುಗೋಗಿತ್ತು! ನಾವೇ ಎತ್ತಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸ್ಬುಟ್ವಿ!"

ರುದ್ರಪ್ಪನವರು ಹುಟ್ಟು ಹಾಕುತ್ತಲೇ ಕೂಗಿದರು: "ಬೋ ಉಪಕಾರ ಆಯ್ತು ಕಣಪ್ಪಾ!"

ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಅಂದರು: "ನೀವು ಮೊಗೆಯೋದ್ ನಿಲ್ಲಿಸ್ಬ್ಯಾಡಿ, ಸ್ವಾಮಿ."