ಬೋಟಿನ ಎಣ್ಣೆ ನನ್ನ ಕಾರಿಗೆ ಬೇಡ

ನಮ್ಮ ಮನೆಯಲ್ಲಿ ಒಂದು ಕ್ರಮ ಉಂಟು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟು ಮತ್ತೆ ಕಡಲಿಗಿಳಿಯುವ ಮೊದಲು, ನನ್ನ ಸೋದರಮಾವ ಎಂಜಿನ್ ಆಯಿಲಿನ ಹೊಸ ಡ್ರಮ್ಮಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮುಚ್ಚಳ ತೆಗೆಯುತ್ತಾರೆ. ಮೊದಲ ಎಣ್ಣೆ ಬೋಟಿಗೆ. ಆಮೇಲೆ ಅದೇ ಡ್ರಮ್ಮಿನಿಂದ ಜನರೇಟರಿಗೆ, ಮೀನಿನ ಟೆಂಪೋಗೆ, ಅಂಗಳದಲ್ಲಿ ನಿಂತ ಎಲ್ಲ ಗಾಡಿಗಳಿಗೆ. ಮನೆಗೆ ಅನ್ನ ಕೊಡುವುದು ಬೋಟು, ಅದು ಕುಡಿದದ್ದನ್ನೇ ಉಳಿದವು ಕುಡಿಯಬೇಕು ಎಂಬುದು ಅಜ್ಜನ ಕಾಲದ ಮಾತು.

ಕೇಳಲಿಕ್ಕೆ ಚಂದವೇ. ಆದರೆ ಅಜ್ಜನ ಕಾಲದಲ್ಲಿ ನನ್ನ ಕಾರು ಇರಲಿಲ್ಲ.

ನಾನು ಕಾಪು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಅಮ್ಮನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಒಂದು ಡೀಸೆಲ್ ಕಾರು ತೆಗೆದುಕೊಂಡೆ. ವಾರಕ್ಕೆ ಮೂರು ಸಲ ಅಮ್ಮನನ್ನು ಡಯಾಲಿಸಿಸ್‌ಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಅಲ್ಲಿ ಹಾಸಿಗೆಗೆ ಹೊತ್ತು ಗೊತ್ತುಮಾಡಿರುತ್ತಾರೆ. ತಪ್ಪಿದರೆ ಆ ಹಾಸಿಗೆ ಇನ್ನೊಬ್ಬರಿಗೆ ಹೋಗುತ್ತದೆ. ಅವರನ್ನು ದೂರುವಂತಿಲ್ಲ, ಅವರದ್ದೂ ಜೀವವೇ.

ಕಾರಿನ ಸರ್ವೀಸ್ ಎಲ್ಲ ಮಾವನ ಕೈಯಲ್ಲಿತ್ತು. ನಮ್ಮಲ್ಲಿ ಸೋದರಮಾವ ಎಂದರೆ ಮನೆಯ ಯಜಮಾನ. ಅವರು ಹೇಳಿದ ಮೇಲೆ ಆಯಿತು. ವರ್ಷ ವರ್ಷ ಡ್ರಮ್ಮಿನ ದಪ್ಪ ಎಣ್ಣೆ ನನ್ನ ಕಾರಿನ ಹೊಟ್ಟೆ ಸೇರುತ್ತಿತ್ತು. ಒಂದು ಬೆಳಿಗ್ಗೆ ಅಮ್ಮನನ್ನು ಕೂರಿಸಿಕೊಂಡು ಹೈವೇಯಲ್ಲಿ ಹೋಗುತ್ತಿದ್ದಾಗ, ಕಟಪಾಡಿ ದಾಟುವಾಗ, ಮೀಟರಿನಲ್ಲಿ ಹಳದಿ ದೀಪ ಹತ್ತಿತು. ಎಕ್ಸಲರೇಟರ್ ಎಷ್ಟು ಒತ್ತಿದರೂ ಕಾರು ಮುಂದೆ ಹೋಗಲಿಕ್ಕೆ ಕೇಳಲಿಲ್ಲ. ಸೈಕಲ್ಲಿನವನು ನಮ್ಮನ್ನು ಹಿಂದೆ ಹಾಕಿದ. ಕೊನೆಗೆ ಮಾರ್ಗದ ಬದಿಯಲ್ಲಿ ನಿಲ್ಲಿಸಿ ರಿಕ್ಷಾ ಹಿಡಿದು ಮಣಿಪಾಲ ತಲುಪಿದಾಗ ಅಮ್ಮನ ಹಾಸಿಗೆಯಲ್ಲಿ ಬೇರೆಯವರಿದ್ದರು. ಸಂಜೆಯವರೆಗೆ ಅಮ್ಮ ಕುರ್ಚಿಯಲ್ಲಿ ಕೂತು ಉಸಿರಿಗೆ ಒದ್ದಾಡಿದರು. ಅವತ್ತು ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ಇಲ್ಲ.

ಗ್ಯಾರೇಜಿನವರು ಹೇಳಿದ್ದು ಇಷ್ಟು: ಈಗಿನ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಮಸಿಯನ್ನು ಕಾರು ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಬೋಟಿನ ಎಣ್ಣೆ ಎಂಜಿನ್ ಒಳಗೆ ಸ್ವಲ್ಪ ಉರಿದರೂ ಬೂದಿ ಜಾಸ್ತಿ, ಮತ್ತು ಬೂದಿಯನ್ನು ಮತ್ತೆ ಸುಡಲಿಕ್ಕೆ ಆಗುವುದಿಲ್ಲ. ಅದು ಫಿಲ್ಟರಿನಲ್ಲೇ ಕೂತು ದಾರಿ ಕಟ್ಟುತ್ತದೆ. ಬೋಟಿಗೆ ಆ ಫಿಲ್ಟರೇ ಇಲ್ಲ, ಹಾಗಾಗಿ ಅದಕ್ಕೆ ಆ ಎಣ್ಣೆ ಅಮೃತ.

ಫಿಲ್ಟರ್ ಬದಲಾಯಿಸಿದ ದಿನವೇ ಸರ್ವೀಸನ್ನು ನನ್ನ ಕೈಗೆ ತೆಗೆದುಕೊಂಡೆ. ಕಾರಿನೊಂದಿಗೆ ಬಂದ ಪುಸ್ತಕವನ್ನು ಡ್ಯಾಶ್‌ಬೋರ್ಡಿನಿಂದ ಹೊರತೆಗೆದು ಓದಿದೆ. ಎಣ್ಣೆಯ ದಪ್ಪ 5W-30, ಬೂದಿ ಕಡಿಮೆ ಇರುವ ಸಿಂಥೆಟಿಕ್, ಅದರ ಜೊತೆಗೆ ಕಾರು ಕಂಪೆನಿ ತಾನೇ ಪರೀಕ್ಷಿಸಿ ಒಪ್ಪಿದ ಎಣ್ಣೆಗೆ ಮಾತ್ರ ಕೊಡುವ ಒಂದು ಒಪ್ಪಿಗೆ ಸಂಖ್ಯೆ. ಮಾವನಿಗೆ ತೋರಿಸಿದೆ.

"ತೆಳು ಆಯಿಲ್ ಚಳಿ ದೇಶಕ್ಕೆ. ಇಲ್ಲಿ ಎಂತ ಚಳಿ ಉಂಟು ಮಾರಾಯ್ತಿ? ಈ ಸೆಕೆಗೆ ದಪ್ಪ ಆಯಿಲೇ ಬೇಕು. ಇದು ನೀರಿನ ಹಾಗೆ ಇರ್ತದಲ್ಲ!" ಎಂದರು.

"ದಪ್ಪ ಆದ್ರೆ ಗಟ್ಟಿ ಅಂತ ಯಾರು ಹೇಳಿದ್ದು ಮಾವ? ವೆಲ್ವೆಟಿನ ಸೂಜಿಯಲ್ಲಿ ಜಾರ್ಜೆಟ್ ಹೊಲಿದ್ರೆ ಬಟ್ಟೆ ಉಳೀತದಾ? ಎಂಜಿನ್ ಒಳಗಿನ ಸಂದು ಎಷ್ಟು ಸಣ್ಣದೋ ಎಣ್ಣೆಯೂ ಅಷ್ಟೇ ತೆಳು ಇರ್ಬೇಕು. ಮೊದಲಿನ ಐದು ಅಂದ್ರೆ ತಣ್ಣಗಿರುವಾಗ್ಲೂ ಸ್ಟಾರ್ಟ್ ಮಾಡಿದ ಕೂಡ್ಲೇ ಎಣ್ಣೆ ಮೇಲೆ ಓಡ್ತದೆ. ಮೂವತ್ತು ಅಂದ್ರೆ ಬಿಸಿಯಾದ ಮೇಲಿನ ದಪ್ಪ. ನಿಮ್ಮ ಸೆಕೆಗೆ ಅದು ಸಾಕು."

"ಸೂಜಿ ಹಿಡಿಯುವವಳು ನನಗೆ ಎಂಜಿನ್ ಪಾಠ ಹೇಳ್ತಾಳೆ," ಎಂದು ಮಾವ ನಕ್ಕುಬಿಟ್ಟರು. ನಗಲಿ. ನಗುವವರ ಬಾಯಿಗೆ ಬೀಗ ಹಾಕಲಿಕ್ಕೆ ನನಗೆ ಪುರುಸೊತ್ತಿರಲಿಲ್ಲ, ಎಣ್ಣೆ ಹುಡುಕಬೇಕಿತ್ತು.

ಉಡುಪಿಯ ಅಂಗಡಿಯವರು ಹೊಳೆಯುವ ಕ್ಯಾನ್ ಒಂದನ್ನು ಮುಂದಿಟ್ಟು, "ತಗೊಳ್ಳಿ ಮೇಡಂ, ಫುಲ್ ಸಿಂಥೆಟಿಕ್. 5W-30 ಅಂದ್ರೆ ಎಲ್ಲಾ ಒಂದೇ," ಎಂದರು. ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ದಪ್ಪ ಸರಿ ಇತ್ತು. ಆದರೆ ನನ್ನ ಕಾರಿನ ಒಪ್ಪಿಗೆ ಸಂಖ್ಯೆಯ ಎದುರು 'ಈ ಕಾರುಗಳಿಗೆ ತಕ್ಕದ್ದು' ಎಂದಿತ್ತೇ ಹೊರತು 'ಒಪ್ಪಿಗೆ ಪಡೆದದ್ದು' ಎಂದಿರಲಿಲ್ಲ.

"ಎರಡೂ ಒಂದೇ ಅಲ್ವಾ?" ಎಂದರು ಅವರು.

"ಅದು ಹೇಗೆ ಒಂದೇ ಆಗ್ತದೆ? ನಾನು ಒಳ್ಳೆ ಹುಡುಗ ಅಂತ ಹುಡುಗನೇ ಹೇಳಿಕೊಂಡ್ರೆ ಮದುವೆ ಆಯ್ತಾ? ಹುಡುಗಿ ಮನೆಯವರು ಒಪ್ಪುದು ಬೇಡ್ವಾ?" ಎಂದೆ. ಪಕ್ಕದಲ್ಲಿ ನಿಂತಿದ್ದ ಗಿರಾಕಿಯೊಬ್ಬರು ಜೋರಾಗಿ ನಕ್ಕರು. ಅಂಗಡಿಯವರಿಗೆ ನಗು ಬರಲಿಲ್ಲ. ಒಂದು ಕ್ಯಾನ್ ಎಣ್ಣೆಗೆ ಇಷ್ಟು ಮಾತಾ ಎಂಬ ಮುಖ ಮಾಡಿದರು. ಹೌದು, ಇಷ್ಟು ಮಾತು. ಅಮ್ಮ ಕೂತ ಆ ಕುರ್ಚಿಯನ್ನು ಅವರು ನೋಡಿದವರಲ್ಲ.

ಕೊನೆಗೆ ಸಿಕ್ಕಿದ್ದು ಕಾರ್ಕಳದಲ್ಲಿ. ಹೆಸರು ಕೇಳದ ಯಾವುದೋ ಕಂಪೆನಿಯ ಕ್ಯಾನು, ಹೊಳಪೂ ಇಲ್ಲ ಬಣ್ಣವೂ ಇಲ್ಲ. ಆದರೆ ಹಿಂದುಗಡೆ ನನ್ನ ಕಾರಿನ ಒಪ್ಪಿಗೆ ಸಂಖ್ಯೆ, ಒಂದು ಅಂಕಿಯೂ ಆಚೀಚೆ ಇಲ್ಲದೆ, ಅಚ್ಚಾಗಿತ್ತು. ಸೀರೆಗೆ ಸರಿಯಾದ ಮ್ಯಾಚಿಂಗ್ ಬಟ್ಟೆ ಸಿಕ್ಕಿದಷ್ಟು ಖುಷಿಯಾಯಿತು. ಅದನ್ನೇ ಹಾಕಿಸಿದೆ. ಕಾರು ಸದ್ದಿಲ್ಲದೆ ಓಡಿತು, ಅಮ್ಮ ಹೊತ್ತಿಗೆ ಸರಿಯಾಗಿ ಹಾಸಿಗೆಯಲ್ಲಿ ಮಲಗಿದರು.

ಮತ್ತೆ ಬೋಟು ಇಳಿಸುವ ದಿನ ಬಂತು. ಅವತ್ತು ಅಮ್ಮನಿಗೆ ಡಯಾಲಿಸಿಸ್ ಇತ್ತು. ಅಮ್ಮನನ್ನು ಹೊರಡಿಸಿ ಅಂಗಳಕ್ಕೆ ಬಂದು ನೋಡುತ್ತೇನೆ, ಮಾವ ನನ್ನ ಕಾರಿನ ಬಾನೆಟ್ ಎತ್ತಿ ನಿಂತಿದ್ದಾರೆ! ಎಣ್ಣೆ ತುಂಬಿಸುವ ಮುಚ್ಚಳ ತೆಗೆದಾಗಿತ್ತು. ಎಂಜಿನ್ ಮೇಲೆ ಕುಂಕುಮ, ಕೈಯಲ್ಲಿ ಡ್ರಮ್ಮಿನಿಂದ ತುಂಬಿಸಿ ತಂದ ಕ್ಯಾನು.

ಓಡಿಹೋಗಿ ಎಣ್ಣೆ ಹಾಕುವ ಬಾಯಿಗೆ ಅಂಗೈ ಒತ್ತಿ ಹಿಡಿದೆ.

"ಕೈ ತೆಗಿ ಮಗಾ. ಸ್ವಲ್ಪವೇ ಹಾಕುದು, ಕ್ರಮಕ್ಕೆ."

"ಒಂದು ಹನಿಯೂ ಬೇಡ ಮಾವ. ಕುಂಕುಮ ಹಚ್ಚಿದ್ದೀರಿ, ಸಂತೋಷ. ಬೇಕಾದ್ರೆ ಇನ್ನೂ ನಾಲ್ಕು ಕಾಯಿ ಒಡೀರಿ. ಎಣ್ಣೆ ಮಾತ್ರ ಹಾಕ್ಲಿಕ್ಕೆ ಬಿಡುದಿಲ್ಲ."

"ಕೈ ಮೇಲೆ ಬೀಳ್ತದೆ ನೋಡು."

"ಬೀಳ್ಲಿ. ಒಳಗೆ ಬೀಳುದಿಲ್ಲ."

"ಅಜ್ಜ ಮಾಡಿಕೊಂಡು ಬಂದದ್ದು ಇದು!"

"ಅಜ್ಜ ನೆಟ್ಟ ಆಲದ ಮರ ಅಂತ ನೇಣು ಹಾಕಿಕೊಳ್ಳುದಾ?"

ಇಷ್ಟು ಒರಟಾಗಿ ನಮ್ಮ ಮನೆಯಲ್ಲಿ ಯಾರೂ ಅವರಿಗೆ ಎದುರು ಮಾತನಾಡಿದ್ದಿಲ್ಲ. ಮಾವನ ಮುಖ ಕೆಂಪಾಯಿತು. ನಾನು ಕೈ ತೆಗೆಯಲಿಲ್ಲ. ಅವರು ನನ್ನನ್ನು ಬಿಟ್ಟು ಜಗಲಿಯಲ್ಲಿ ನಿಂತಿದ್ದ ಅಮ್ಮನತ್ತ ತಿರುಗಿದರು.

"ಅಕ್ಕಾ, ಕೇಳಿದಿಯಾ ಇವಳ ಮಾತು? ನೀನೇ ಹೇಳು ಇವಳಿಗೆ."

ಅಮ್ಮ ತಮ್ಮನಿಗೆ ಎದುರಾಡಿದ್ದನ್ನು ನಾನು ಕಂಡದ್ದೇ ಇಲ್ಲ. ಮಾವ ಬೇಡ ಎಂದದ್ದನ್ನು ಅಮ್ಮ ಉಟ್ಟವರಲ್ಲ, ಉಂಡವರಲ್ಲ. ಈಗ ಹಾಕಲಿ ಬಿಡು ಎಂದುಬಿಟ್ಟರೆ ನಾನು ಕೈ ತೆಗೆಯಲೇಬೇಕಾಗುತ್ತಿತ್ತು.

ಅಮ್ಮ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು. ಸೂಜಿ ಚುಚ್ಚಿ ಚುಚ್ಚಿ ನರ ಉಬ್ಬಿದ ಎಡಗೈಯನ್ನು ತಮ್ಮನ ಮುಂದೆ ಚಾಚಿದರು.

"ಇದರಿಂದ ನನ್ನ ರಕ್ತ ತೆಗೆದು ಫಿಲ್ಟರಿಗೆ ಬಿಡ್ತಾರೆ ತಮ್ಮಾ. ಅದಕ್ಕೆ ಎಂತ ನೀರು ಆಗ್ಬೇಕು ಅಂತ ದಿನಾ ಪರೀಕ್ಷೆ ಮಾಡ್ತಾರೆ. ನಮ್ಮ ಬಾವಿ ನೀರು ದೇವರಿಗೆ ಆಗ್ತದೆ, ಇಡೀ ಮನೆ ಅದನ್ನೇ ಕುಡೀತದೆ. ಒಂದು ಕೊಡ ತಗೊಂಡು ಬಾ, ಇವತ್ತು ಅದನ್ನೇ ನನ್ನ ಮೆಷಿನಿಗೆ ಹಾಕಿಸುವಾ. ಹಾಕಿಸ್ತೀಯಾ?"

ಮಾವ ಕ್ಯಾನನ್ನು ನೆಲದ ಮೇಲಿಟ್ಟರು.

"ಬಾನೆಟ್ ಹಾಕು," ಎಂದು ಅಮ್ಮ ನನಗೆ ಹೇಳಿದರು. "ಹೊತ್ತಾಯ್ತು."