ಕಾರ್ಖಾನೆ ಸ್ಟಾಪಿನ ಸೀಟಿಯಕ್ಕ

ಡಿಪೋದಲ್ಲಿ ಎಲ್ಲರೂ ಅವಳನ್ನು ಸೀಟಿಯಕ್ಕ ಎನ್ನುತ್ತಿದ್ದರು. ಬಾಯಿಗಿಂತ ಸೀಟಿಯಲ್ಲೇ ಹೆಚ್ಚು ಮಾತಾಡುವ ಕಂಡಕ್ಟರ್ ಅವಳೊಬ್ಬಳೇ. ಬಯ್ಯುವುದಕ್ಕೊಂದು ಸೀಟಿ, ಅವಸರಕ್ಕೊಂದು, ಮುದುಕರು ಇಳಿಯುವಾಗ ನಿಧಾನದ್ದು ಇನ್ನೊಂದು. ಮದುವೆಯಾದ ವರ್ಷವೇ ಗಂಡ ತೀರಿಕೊಂಡಾಗ ಕೆಲಸಕ್ಕೆ ಸೇರಿದವಳು. ಈಗ ತಲೆ ಬೆಳ್ಳಗಾಗಿತ್ತು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವಳೂ ಬಟ್ಟೆ ಹೊಲಿಯುವ ತಂಗಿಯೂ ಇದ್ದರು. ಊಟಕ್ಕೆ ಕೂತಾಗ ಅಕ್ಕ ಬಸ್ಸಿನ ಕತೆ ಹೇಳಬೇಕು, ತಂಗಿ ನಗಬೇಕು. ಅದೇ ಅವರ ಸಂಸಾರ.

ಗಡಿಯಾಚೆ ಯುದ್ಧ ಶುರುವಾಗಿ ಓಡಿಬಂದ ಜನರನ್ನು ಸರ್ಕಾರ ಊರ ಹೊರಗೆ, ಮುಚ್ಚಿಹೋಗಿದ್ದ ಬೆಂಕಿಕಡ್ಡಿ ಕಾರ್ಖಾನೆಯಲ್ಲಿ ಇಳಿಸಿತು. ಸೀಟಿಯಕ್ಕನ ಬಸ್ಸು ಹೋಗುತ್ತಿದ್ದುದು ಅದರ ಮುಂದೆಯೇ. ಅಲ್ಲಿನ ಹೆಂಗಸರು ಆಸ್ಪತ್ರೆಯ ನೆಲ ಒರೆಸಲು, ಹೋಟೆಲಿನ ಪಾತ್ರೆ ತೊಳೆಯಲು ಬೆಳಿಗ್ಗೆ ಬಸ್ಸು ಹತ್ತತೊಡಗಿದರು. ಅವರು ಕೂತರೆ ಪಕ್ಕದವರು ಎದ್ದು ನಿಲ್ಲುತ್ತಿದ್ದರು. ಅವರ ಮೈಬಣ್ಣ ಬೇರೆ, ಭಾಷೆ ಬೇರೆ, ಅಷ್ಟು ಸಾಕಾಗಿತ್ತು.

ಒಂದು ದಿನ ದಿನಸಿ ಅಂಗಡಿಯವನು, ಕೂಸನ್ನೆತ್ತಿಕೊಂಡು ಕೂತಿದ್ದ ಒಬ್ಬಳ ಮುಂದೆ ನಿಂತು, "ಏ, ಏಳು. ಇದು ನಮ್ಮೂರ ಬಸ್ಸು" ಎಂದ. ಮಾತು ತಿಳಿಯದಿದ್ದರೂ ದನಿ ತಿಳಿದು ಅವಳು ಏಳಹೋದಳು. ಸೀಟಿಯಕ್ಕ ಭುಜ ಒತ್ತಿ ಕೂರಿಸಿದಳು.

"ಟಿಕೆಟ್ ತಗೊಂಡಿದಾಳೆ, ಕೂತಿದಾಳೆ. ನಿಮಗೆ ಹಿಂದುಗಡೆ ಜಾಗ ಇದೆ."

"ನೀನು ಯಾರ ಕಡೆಯವಳಮ್ಮ?"

"ನಾನು ಬಸ್ಸಿನ ಕಡೆಯವಳು."

ಯಾರೋ ನಕ್ಕರು. ದಿನಸಿಯವನು ನಗಲಿಲ್ಲ.

ಮರುವಾರದಿಂದ ಬಸ್ಸು ಕಾರ್ಖಾನೆ ಸ್ಟಾಪಿನಲ್ಲಿ ನಿಲ್ಲುವುದೇ ನಿಂತುಹೋಯಿತು. ಡ್ರೈವರ್ ವರ್ಷಗಟ್ಟಲೆ ಅವಳ ಜೊತೆಗಾರ, ಅವಳ ಡಬ್ಬಿಯಿಂದ ತಿಂದವನು. ಈಗ ಎಷ್ಟು ಸೀಟಿ ಊದಿದರೂ ಅವನ ಕಾಲು ಬ್ರೇಕಿನ ಮೇಲೆ ಬರಲಿಲ್ಲ. ಕೈ ಅಡ್ಡ ಹಿಡಿದು ನಿಂತಿದ್ದ ಹೆಂಗಸರು ಹಿಂದಿನ ಗಾಜಿನಲ್ಲಿ ಚಿಕ್ಕವರಾಗುತ್ತ ಹೋದರು.

"ಯಾಕಪ್ಪಾ ಹೀಗೆ ಮಾಡಿದೆ?" ಎಂದು ಕೊನೆಯ ನಿಲ್ದಾಣದಲ್ಲಿ ಕೇಳಿದಳು.

"ಊರೆಲ್ಲ ಒಂದಾಗಿದೆ ಅಕ್ಕಾ. ನಂಗೆ ಮಕ್ಕಳಿದಾರೆ. ನಿಂಗೇನು, ಒಂಟಿ ಜೀವ."

ಆ ಕೊನೆಯ ಮಾತು ಎದೆಗೆ ನಾಟಿತು. ಡಿಪೋ ಮ್ಯಾನೇಜರನ ಬಳಿ ಹೋದಳು. "ಬಾಯಿಮಾತಲ್ಲಿ ಬಂದಿರೋ ಆರ್ಡರು, ಬಾಯಿ ಮುಚ್ಕೊಂಡಿರಮ್ಮ" ಎಂದ ಅವನು.

ವಾರದ ರಜೆಯ ದಿನ ಅವಳು ಯೂನಿಫಾರಂ ತೊಟ್ಟು ಕಾರ್ಖಾನೆಗೆ ನಡೆದು ಹೋದಳು. ಕೆಲಸಕ್ಕೆ ನಡೆದೇ ಹೊರಟಿದ್ದ ಹೆಂಗಸರ ಜೊತೆ ಊರ ಕಡೆ ಹೆಜ್ಜೆ ಹಾಕಿದಳು. ಹಿಂದಿನಿಂದ ಅವಳದೇ ಬಸ್ಸು ಧೂಳೆಬ್ಬಿಸುತ್ತ ಬಂತು. ಕಿಟಕಿಗಳ ತುಂಬ ಗುರುತಿನ ಮುಖಗಳು. ಒಂದು ಕಿಟಕಿಯಿಂದ ಯಾರೋ ಉಗಿದರು. ಅದು ಅವಳ ತೋಳಿನ ಮೇಲೆ ಬಿತ್ತು. ಕೂಸಿನ ತಾಯಿ ತನ್ನ ತಲೆವಸ್ತ್ರದ ತುದಿಯಿಂದ ಒರೆಸಿದಳು. ಇಬ್ಬರಿಗೂ ಬರುವ ಭಾಷೆಯೊಂದೂ ಇರಲಿಲ್ಲ.

ಮುಂದೆ ಪ್ರತಿ ರಜೆಗೂ ನಡೆದಳು. ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಅವಳು ಡಬ್ಬಿ ಬಿಚ್ಚಿದರೆ ಬೆಂಚು ಖಾಲಿಯಾಗುತ್ತಿತ್ತು. ತಂಗಿಗೆ ಬರುತ್ತಿದ್ದ ಹೊಲಿಗೆಯೂ ಕಡಿಮೆಯಾಯಿತು.

"ನಿನ್ನಿಂದ ನಂಗೂ ಯಾರೂ ಬಟ್ಟೆ ಕೊಡ್ತಿಲ್ಲ. ಅವರು ನಿನಗೇನಾಗಬೇಕು ಅಕ್ಕಾ?"

"ಏನೂ ಆಗಬೇಕಿಲ್ಲ."

"ಹಾಗಾದ್ರೆ ನಾನೇನಾಗಬೇಕು?"

ಆ ವಾರವೇ ತಂಗಿ ಹೊಲಿಗೆ ಯಂತ್ರ ಹೊರಿಸಿಕೊಂಡು ಚಿಕ್ಕಮ್ಮನ ಮಗಳ ಮನೆಗೆ ಹೊರಟುಹೋದಳು. ಯಂತ್ರವಿದ್ದ ಮೂಲೆಯಲ್ಲಿ ಅದರ ಕಾಲಿನ ಗುರುತು, ಒಂದಿಷ್ಟು ದಾರದ ಚೂರು ಉಳಿದವು. ಅಕ್ಕ ಆ ಮೂಲೆಯನ್ನು ಗುಡಿಸಲಿಲ್ಲ.

ಜೊತೆಗೆ ನಡೆಯಲು ಮೊದಲು ಬಂದವಳು ಆಸ್ಪತ್ರೆಯ ಒಬ್ಬ ನರ್ಸು. "ನಮ್ಮ ವಾರ್ಡು ಕ್ಲೀನ್ ಮಾಡೋರು ಇವರೇ. ಸುಸ್ತಾಗಿ ಬಂದು ಮತ್ತೆ ಬಗ್ಗಿ ನೆಲ ಒರೆಸ್ತಾರೆ, ನೋಡಕ್ಕಾಗಲ್ಲ" ಎಂದಳು. ಆಮೇಲೆ ಕೊಡೆ ಹಿಡಿದುಕೊಂಡು ನಿವೃತ್ತ ಮೇಷ್ಟ್ರೊಬ್ಬರು ಬಂದರು. ಅವರ ಹಿಂದೆ ಅವರ ಹಳೆಯ ವಿದ್ಯಾರ್ಥಿಗಳು, ಅರ್ಧಕ್ಕರ್ಧ ಮೇಷ್ಟ್ರ ಭಯಕ್ಕೆ. ಮಳೆಗಾಲದ ಹೊತ್ತಿಗೆ ರಸ್ತೆ ತುಂಬ ಜನರಾಗಿ, ಬಸ್ಸು ಅವರ ಹಿಂದೆ ತೆವಳಬೇಕಾಯಿತು. ಪತ್ರಿಕೆಯವರು ಬಂದರು. ಮೇಲಿನವರು ಕೇಳಿದಾಗ ಮ್ಯಾನೇಜರ್ ಅಂಥ ಆರ್ಡರೇ ಇಲ್ಲ ಎಂದುಬಿಟ್ಟ.

ಬಸ್ಸು ಮತ್ತೆ ನಿಲ್ಲತೊಡಗಿತು. ಸೀಟಿಯಕ್ಕನನ್ನು ಮಾತ್ರ ಆ ಮಾರ್ಗದಿಂದ ತೆಗೆದು, ಪ್ರಯಾಣಿಕರು ಮರೆತುಹೋದ ಸಾಮಾನಿಡುವ ಕೋಣೆಗೆ ಹಾಕಿದರು. ಚೀಲ, ಚಪ್ಪಲಿ, ಊರುಗೋಲುಗಳ ನಡುವೆ ಕೂರುವ ಕೆಲಸ. ದಿನಕ್ಕೆ ಒಬ್ಬರು ಬಂದರೆ ಹೆಚ್ಚು. ತಂಗಿ ವಾಪಸು ಬರಲಿಲ್ಲ.

ಆಮೇಲಿನ ಮೊದಲ ರಜೆಗೆ ಅವಳು ಎಂದಿನಂತೆ ಎದ್ದು ಚಪ್ಪಲಿ ಮೆಟ್ಟಿದಳು. ಹೋಗಬೇಕಾದ ಕೆಲಸವೇನೂ ಇಲ್ಲವೆಂದು ನೆನಪಾಗಿ ಹೊಸ್ತಿಲಲ್ಲೇ ಕೂತಳು. ಬಹಳ ಹೊತ್ತಾದ ಮೇಲೆ ಸುಮ್ಮನೆ ಕಾರ್ಖಾನೆಯ ಕಡೆ ನಡೆದಳು. ಹೆಂಗಸರೆಲ್ಲ ಬಸ್ಸಿನಲ್ಲಿ ಹೋಗಿಯಾಗಿತ್ತು. ಗೇಟಿನ ಬಳಿ ನಿಂತ ಅವಳನ್ನು ಕಂಡು ಒಳಗಿನಿಂದ ಒಬ್ಬ ಮುದುಕ ಬಂದ. ಅವಳು ಅವನನ್ನು ಹಿಂದೆ ನೋಡಿರಲಿಲ್ಲ. ನಿಲ್ಲುವಂತೆ ಸನ್ನೆ ಮಾಡಿ ಒಳಹೋದವನು ಒಂದು ಕುರ್ಚಿ ತಂದು ನೆರಳಿಗೆ ಹಾಕಿ, ಅಂಗೈಯಿಂದ ಧೂಳು ಒರೆಸಿ, ಮತ್ತೆ ಒಳಗೆ ಹೋದ.

ಅವಳು ಕೂತಳು. ಬಸ್ಸು ಬಂದು ನಿಂತಿತು. ಇಳಿಯುವವರಾಗಲಿ ಹತ್ತುವವರಾಗಲಿ ಯಾರೂ ಇರಲಿಲ್ಲ. ಡ್ರೈವರ್ ಅವಳ ಕಡೆ ನೋಡಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಕಾದ. ಅವಳು ಏಳಲಿಲ್ಲ.