ಅಮಾವಾಸ್ಯೆಯ ದಿನ ನಾನು ಆಫ್ ಮಾಡಿದ ಸಾಲು

ನಾನು ಚಳ್ಳಕೆರೆಯವಳು. ತೊಂಬತ್ತರ ದಶಕದ ಕೊನೆಯಲ್ಲಿ ಮೂರು ವರ್ಷ ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಸಂಘವೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕಿದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕಂಪ್ಯೂಟರ್ ಇದ್ದದ್ದು ಒಂದೇ. ಒಳಕೋಣೆಯಲ್ಲಿ ನಾಲ್ಕು ದೊಡ್ಡ ಬ್ಯಾಟರಿಗಳ ಪಕ್ಕದಲ್ಲಿ ಹಗಲೂ ರಾತ್ರಿ ಓಡುತ್ತಿತ್ತು. ಹೊರಗಿನ ಹಜಾರಕ್ಕೆ ತಂತಿ ಎಳೆದು ನಾಲ್ಕು ಟರ್ಮಿನಲ್ ಕೂರಿಸಿದ್ದರು. ಅವು ಬರೀ ಪರದೆ ಮತ್ತು ಕೀಲಿಮಣೆ, ಸ್ವಂತ ಬುದ್ಧಿ ಇಲ್ಲದವು. ನಮ್ಮ ಕಾರ್ಯದರ್ಶಿಗೆ ಇದು ಕೊನೆಯವರೆಗೂ ತಲೆಗೆ ಹತ್ತಲಿಲ್ಲ. ಪರದೆ ಒರೆಸಿದರೆ ಕಂಪ್ಯೂಟರ್ ಒರೆಸಿದಂತೆ ಎಂದೇ ತಿಳಿದಿದ್ದರು.

ಆ ಯಂತ್ರ ಚಾಲೂ ಆದಾಗ ಎಲ್ಲಕ್ಕಿಂತ ಮೊದಲು ಒಂದು ಪ್ರೋಗ್ರಾಂ ಏಳುತ್ತಿತ್ತು. ಅದರ ನಂಬರ್ ಒಂದು. ಉಳಿದವರನ್ನೆಲ್ಲ ಎಬ್ಬಿಸುವುದು ಅದರ ಕೆಲಸ. ಅದರ ಬಳಿ ಒಂದು ಪಟ್ಟಿ ಇರುತ್ತದೆ, ಒಂದೊಂದು ಟರ್ಮಿನಲ್‌ಗೆ ಒಂದೊಂದು ಸಾಲು. ಪಟ್ಟಿ ಓದಿಕೊಂಡು ಪ್ರತಿ ಟರ್ಮಿನಲ್ ಮುಂದೆ ಒಬ್ಬ ಕಾವಲುಗಾರನನ್ನು ಕೂರಿಸುತ್ತದೆ. ಅವನು ಬಂದವರ ಹೆಸರು ಕೇಳುತ್ತಾನೆ, ಗುಟ್ಟಿನ ಪದ ಕೇಳುತ್ತಾನೆ, ಒಳಗೆ ಬಿಡುತ್ತಾನೆ. ಬಂದವರು ಕೆಲಸ ಮುಗಿಸಿ ಹೊರಟ ಕೂಡಲೇ ಒಂದನೇ ನಂಬರು ಅಲ್ಲಿ ಹೊಸ ಕಾವಲುಗಾರನನ್ನು ಹುಟ್ಟಿಸುತ್ತದೆ. ತಮ್ಮನ್ನು ಹುಟ್ಟಿಸಿದ ಪ್ರೋಗ್ರಾಂ ಸತ್ತು ಅನಾಥವಾದ ಪ್ರೋಗ್ರಾಂಗಳನ್ನು ತನ್ನ ಮಡಿಲಿಗೆ ಎಳೆದುಕೊಳ್ಳುವುದೂ ಅದೇ. ತರಬೇತಿಯಲ್ಲಿ ಇದನ್ನು ಕೇಳಿ ನನಗೆ ಅದರ ಮೇಲೆ ಒಂದು ಥರ ಅಕ್ಕರೆ ಹುಟ್ಟಿತ್ತು. ಎಂಥ ದಡ್ಡಿ ನಾನು! ಪಟ್ಟಿಯಲ್ಲಿ ಯಾವುದಾದರೂ ಸಾಲಿಗೆ ‘ಆಫ್’ ಎಂದು ಬರೆದು ಮತ್ತೆ ಓದು ಎಂದರೆ, ಅಲ್ಲಿ ಯಾರೇ ಕೆಲಸ ಮಾಡುತ್ತಿರಲಿ, ಇಪ್ಪತ್ತು ಸೆಕೆಂಡಿನ ವಾಯಿದೆ ಕೊಟ್ಟು ಮುಗಿಸಿಬಿಡುತ್ತದೆ. ಯಾರು, ಏನು ಎಂದು ಕೇಳುವುದಿಲ್ಲ.

ಮೂಲೆಯ ಟರ್ಮಿನಲ್ ಒಬ್ಬ ಮುದುಕರದು. ಐವತ್ತು ವರ್ಷ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವರು. ಕಣ್ಣು ಮಂಜಾಗುತ್ತಾ ಬಂದು ಮಗ್ಗ ಬಿಟ್ಟಿದ್ದರು. ಮನೆಮಾತು ತೆಲುಗು. ಎಲ್ಲರಂತೆ ನಾನೂ ತಾತ ಎನ್ನುತ್ತಿದ್ದೆ. ಹಳೆಯ ಸೀರೆಗಳ ಅಂಚುಗಳನ್ನು ಕಂಪ್ಯೂಟರಿಗೆ ಸೇರಿಸಲು ಸಂಘ ಅವರನ್ನು ಕರೆಸಿತ್ತು. ಸಾಲುಸಾಲಾಗಿ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಒತ್ತುತ್ತಾ ಹೋಗಬೇಕು. ನೋಡಿ ಬರೆಯಲು ಕಾಗದವೇನೂ ಇರಲಿಲ್ಲ. ಮೇಜಿನ ಕೆಳಗೆ ಪಾದಗಳು ಮಗ್ಗ ತುಳಿದಂತೆ ಆಡುತ್ತಿದ್ದವು, ಆ ಲಯ ಹಿಡಿದು ಬೆರಳು ಕೀಲಿ ಒತ್ತುತ್ತಿತ್ತು. ಕಾಲು ನಿಲ್ಲಿಸಿ ಅಂದರೆ ಅಂಚು ಮರೆತುಹೋಗುತ್ತಿತ್ತು.

ಆ ಪ್ರೋಗ್ರಾಂ ಬರೆದ ಪುಣ್ಯಾತ್ಮ, ಅಂಚಿನ ಕೊನೆಯ ಸಾಲು ಬರುವವರೆಗೆ ಏನನ್ನೂ ಉಳಿಸಿಕೊಳ್ಳದ ಹಾಗೆ ಬರೆದಿದ್ದ. ಒಂದು ಅಂಚಿಗೆ ಎರಡು ಮೂರು ದಿನ ಹಿಡಿಯುತ್ತಿತ್ತು. ತಾತ ನಡುವೆ ಮನೆಗೆ ಹೋಗುವಾಗ ಪರದೆ ಮಾತ್ರ ಆರಿಸುತ್ತಿದ್ದರು. ಒಳಗೆ ಅವರ ಕೆಲಸ ಹಾಗೇ ತೆರೆದಿರುತ್ತಿತ್ತು.

“ತಾತ, ಹಂಗೇ ಬಿಟ್ಟು ಹೋಗಬ್ಯಾಡ್ರಿ. ಹೊರಗೆ ಬರದೆ ಹೋಗೋದಾದ್ರೆ ನನಗೆ ಹೇಳಿ ಹೋಗ್ರಿ,” ಎಂದು ಎಷ್ಟು ಸಲ ಹೇಳಿದ್ದೇನೋ.

“ಮಗ್ಗದ ಮೇಲೆ ಹಾಸು ಇರೋವಾಗ ಯಾರಾದ್ರೂ ಕತ್ತರಿ ಹಾಕ್ತಾರೇನಮ್ಮಾ? ಸೀರೆ ಮುಗೀಲಿ, ಆಮ್ಯಾಲೆ ಕೊಯ್ಯಾಣ.”

ಒಂದು ಶನಿವಾರ ಒಂದು ಅಂಚು ಮುಗಿಸಿ ಸರಿಯಾಗಿಯೇ ಹೊರಗೆ ಬಂದರು. ಬಾಕಿ ಇದ್ದದ್ದು ಇನ್ನೊಂದೇ. ಅದು ಅವರ ತಂದೆ ಕಲಿಸಿದ ಅಂಚು, ಬೇರೆ ಯಾರಿಗೂ ಬರುತ್ತಿರಲಿಲ್ಲ. ಮಗ ಮಗ್ಗ ಬಿಟ್ಟು ಲಾರಿ ಹತ್ತಿದ್ದ. “ನಾನು ಹೋದ್ರೆ ಇದೂ ನನ್ನ ಜತೀಗೇ ಬರ್ತೈತೆ. ಕಣ್ಣು ಪೂರಾ ಹೋಗೋದ್ರೊಳಗೆ ನಿನ್ನ ಡಬ್ಬಿಗೆ ಹಾಕಿಬಿಡ್ತೀನಿ,” ಎಂದಿದ್ದರು. ಮೂಲೆಯ ಟರ್ಮಿನಲ್ ಚಳ್ಳಕೆರೆಯ ಹೊಸ ಮಳಿಗೆಗೆ ಹೋಗುವುದಿತ್ತು. ಉಳಿದ ಮೂರು ಬೇರೆಯವರವು, ಅದು ಹೋದರೆ ತಾತನಿಗೆ ಕೂರಲು ಜಾಗವಿಲ್ಲ. ಅದಕ್ಕೇ ಅಮಾವಾಸ್ಯೆ ಕಳೆದ ಮೇಲೆ ಒಂದು ವಾರ ಬಿಡಿ ಎಂದು ಕಾರ್ಯದರ್ಶಿಯನ್ನು ಕೇಳಿಕೊಂಡಿದ್ದೆ. ಅವರು ಹೂಂ ಎಂದಿದ್ದರು.

ಸೋಮವಾರ ಅಮಾವಾಸ್ಯೆ. ಅಂದು ನೇಕಾರರು ಲಾಳಿ ಮುಟ್ಟುವುದಿಲ್ಲ, ಮಗ್ಗ ತೊಳೆದು ಪೂಜೆ ಮಾಡುತ್ತಾರೆ. ನನ್ನ ಬಸ್ಸು ಕೊಂಡ್ಲಹಳ್ಳಿ ಹತ್ತಿರ ಪಂಕ್ಚರ್ ಆಗಿ, ಸಂಘ ತಲುಪಿದಾಗ ಹನ್ನೆರಡು ಗಂಟೆ. ಹಜಾರದಲ್ಲಿ ಯಾರೂ ಇಲ್ಲ, ಕಾರ್ಯದರ್ಶಿ ಮಾತ್ರ ಬಾಗಿಲಲ್ಲಿ ನಿಂತಿದ್ದರು.

“ಜೀಪು ಇವತ್ತೇ ಸಿಕ್ಕೈತೆ. ಮೂಲೇದು ಬಿಚ್ಚಿಕೊಡಮ್ಮ, ಡ್ರೈವರ್ ಕಾಯ್ತಾ ಅವ್ನೆ.”

ಅವರು ಒಪ್ಪಿದ್ದ ಒಂದು ವಾರವನ್ನು ನಾನೂ ನೆನಪಿಸಲಿಲ್ಲ. ತಂತಿ ಕಿತ್ತರಷ್ಟೇ ಸಾಲದು. ಪಟ್ಟಿಯಲ್ಲೂ ಆ ಸಾಲನ್ನು ಆಫ್ ಮಾಡಬೇಕು. ಇಲ್ಲದಿದ್ದರೆ ಒಂದನೇ ನಂಬರು ಇಲ್ಲದ ಟರ್ಮಿನಲ್‌ಗೆ ಕಾವಲುಗಾರರನ್ನು ಹುಟ್ಟಿಸುತ್ತಲೇ ಇದ್ದು ತಕರಾರು ತೆಗೆಯುತ್ತದೆ. ಮೂಲೆಯ ಕಡೆ ನೋಡಿದೆ. ಪರದೆ ಕಪ್ಪಗಿತ್ತು. ಅಮಾವಾಸ್ಯೆ, ತಾತ ಎಲ್ಲಿ ಬಂದಾರು ಎಂದುಕೊಂಡೆ. ಒಳಗೆ ಯಾರಿದ್ದಾರೆಂದು ತೋರಿಸುವ ಮೂರಕ್ಷರದ ಆಜ್ಞೆ ಒಂದಿದೆ, ಒತ್ತಿದ್ದರೆ ಗೊತ್ತಾಗುತ್ತಿತ್ತು. ಒತ್ತಲಿಲ್ಲ. ಆಫ್ ಎಂದು ಬರೆದೆ, ಮತ್ತೆ ಓದು ಎಂದೆ. ಆ ಇಪ್ಪತ್ತು ಸೆಕೆಂಡು ನಾನು ಊಟದ ಡಬ್ಬಿಯ ಮುಚ್ಚಳ ಬಿಚ್ಚುತ್ತಿದ್ದೆ.

ಮೂರು ಗಂಟೆಗೆ ತಾತ ಬಂದರು. ಹಣೆಯಲ್ಲಿ ಕುಂಕುಮ, ಮೈಯಿಂದ ಕರ್ಪೂರದ ವಾಸನೆ. ಖಾಲಿ ಮೇಜನ್ನು ಕೈಯಿಂದ ತಡವಿದರು.

“ಟಿವಿ ಎಲ್ಲಮ್ಮಾ?”

“ಚಳ್ಳಕೆರೆಗೆ ಕಳಿಸಿದ್ವಿ ತಾತ.”

“ಹೋಗ್ಲಿ ಬಿಡು. ಒಳಗೆ ನನ್ನ ಅಂಚು ಐತಲ್ಲ? ಹನ್ನೆರಡು ಸಾಲು ಬಾಕಿ. ಬ್ಯಾರೆ ಕಡೆ ಕೂತು ಮುಗಿಸ್ತೀನಿ.”

ಟರ್ಮಿನಲ್ ಬೇಗ ಹೋಗುತ್ತದೆ ಎಂಬ ಸುದ್ದಿ ಜವಾನನಿಂದ ಕೇಳಿ, ಭಾನುವಾರ ಬೀಗ ತೆಗೆಸಿ ಇಡೀ ದಿನ ಕೂತಿದ್ದರಂತೆ. ಅಮಾವಾಸ್ಯೆ ಎಂದೂ ನೋಡದೆ ಅಂದು ಬೆಳಗ್ಗೆಯೂ ಬಂದಿದ್ದರು. ಪೂಜೆಗೆಂದು ಪರದೆ ಆರಿಸಿ ಮನೆಗೆ ಹೋಗಿದ್ದರು ಅಷ್ಟೇ. ಒಳಕೋಣೆಗೆ ಹೋಗಿ ಹುಡುಕಿದೆ. ಏನೂ ಉಳಿದಿರಲಿಲ್ಲ.

ಕಾರ್ಯದರ್ಶಿ ಅಲ್ಲೇ ನಿಂತಿದ್ದರು. ನನ್ನ ಕೆಲಸ ಖಾಯಂ ಆಗಿರಲಿಲ್ಲ. ಅದೊಂದು ನೆಪ. ನಿಜ ಹೇಳಬೇಕೆಂದರೆ ನನಗೆ ಧೈರ್ಯವಿರಲಿಲ್ಲ. “ಮಷೀನು ನಿಂತೋಗಿತ್ತು ತಾತ. ಬ್ಯಾಟರಿ ಕೈ ಕೊಡ್ತು,” ಎಂದೆ.

ತಾತ ಖಾಲಿ ಮೇಜಿನ ಮೇಲಿಂದ ಕೈ ತೆಗೆದರು. “ಬ್ಯಾಟರಿ ಅಲ್ಲಮ್ಮಾ. ಅಮಾಸೆ ದಿನ ಕೆಲಸಕ್ಕೆ ಕೈ ಹಾಕ್ದೆ. ನಮ್ಮಪ್ಪ ಇದ್ದಿದ್ರೆ ಕೈ ಮುರೀತಿದ್ದ. ಮನೆ ಬಿಟ್ಟು ಬರಾಕೆ ಆ ಅಂಚಿಗೇ ಇಷ್ಟ ಇಲ್ಲ.”

“ಇನ್ನೊಂದು ಸಲ ಹಾಕಾಣ ತಾತ, ನನ್ನ ಜಾಗದಾಗೇ ಕೂರ್ರಿ.”

“ಬ್ಯಾಡ.”

ಆಮೇಲೆ ಅವರು ಸಂಘಕ್ಕೆ ಬರಲಿಲ್ಲ. ಎರಡು ತಿಂಗಳು ನಾನು ಬಸ್ಸಿನಲ್ಲಿ ಹೋಗುವಾಗಲೂ ಬರುವಾಗಲೂ ನಾನು ಮಾಡಿದ್ದನ್ನೇ ನೆನೆಸಿಕೊಂಡೆ. ಯಂತ್ರವನ್ನು ಬೈದುಕೊಂಡೆ, ಕಾರ್ಯದರ್ಶಿಯನ್ನು ಬೈದುಕೊಂಡೆ, ಬರೆದ ಕೈ ಮಾತ್ರ ನನ್ನದೇ. ಕೊನೆಗೆ ಒಂದು ಮಧ್ಯಾಹ್ನ ಅವರ ಮನೆಗೇ ಹೋದೆ. ತಾತ ಮಗ್ಗದ ಗುಂಡಿಯ ಪಕ್ಕ ಚಾಪೆಯ ಮೇಲಿದ್ದರು. ಕಣ್ಣು ಪೂರ್ತಿ ಹೋಗಿತ್ತು, ದನಿಯಿಂದ ಗುರುತು ಹಿಡಿದರು. ಪಟ್ಟಿ, ಸಾಲು, ಆಫ್, ಇಪ್ಪತ್ತು ಸೆಕೆಂಡು, ಒಂದನ್ನೂ ಬಿಡದೆ ಹೇಳಿದೆ.

“ನಿಮ್ಮ ಅಮಾಸೆದು ಏನೂ ಇಲ್ಲ ತಾತ. ತಪ್ಪು ನಂದು. ಅಂಚು ಕಳೆದದ್ದು ನಾನು. ನೀವು ಹೇಳ್ತಾ ಹೋಗ್ರಿ, ನಾನು ಬರ್ಕೋತೀನಿ.”

ಅವರು ಕೈ ಚಾಚಿ ನನ್ನ ತಲೆ ಹುಡುಕಿ ಮುಟ್ಟಿದರು. “ಪರ್ವಾಲೇದಮ್ಮಾ. ಅವತ್ತು ಬ್ಯಾಟರಿ ಅಂದೆ, ಇವತ್ತು ನಂದು ಅಂತೀಯ. ಮುದುಕನಿಗೆ ಸಮಾಧಾನ ಆಗ್ಲಿ ಅಂತ ನನ್ನ ಪಾಪ ನಿನ್ನ ತಲೆಗೆ ಎಳ್ಕೋಬ್ಯಾಡ.”

“ಸುಳ್ಳಲ್ಲ ತಾತ, ದೇವರಾಣೆ!” ಎಂದು ಅತ್ತೇಬಿಟ್ಟೆ.

ಅವರು ನಕ್ಕರು. ಒಳಗಿದ್ದ ಸೊಸೆಯನ್ನು ಕೂಗಿ ಕಾಫಿ ತರಲು ಹೇಳಿದರು. ಆಮೇಲೆ ತೆಲುಗಿನಲ್ಲಿ, ಎಷ್ಟು ಒಳ್ಳೆಯ ಹುಡುಗಿ ನೋಡು, ಪಾಪ, ಇದಕ್ಕೆ ಸುಳ್ಳು ಹೇಳುವುದಕ್ಕೇ ಬರುವುದಿಲ್ಲ ಎಂದರು.